ಆಪ್ಟ್-ಕೀ ಹೋಯ್ತು, ಸೋರ್ಸಸ್ ಫೈಲೂ ಖಾಲಿ: ಈಗ ಹೊರಗಿನ ರೆಪೊ ಸೇರಿಸೋದು ಹೇಗೆ

ಡೆಬಿಯನ್, ಉಬುಂಟು ಥರದ ಲಿನಕ್ಸಲ್ಲಿ ಸಾಫ್ಟ್‌ವೇರ್ ಹಾಕೋ ಕಮಾಂಡು ಆಪ್ಟ್. ಅದು ಸಾಫ್ಟ್‌ವೇರ್ ತರೋ ಜಾಗ ರೆಪೊ (ರೆಪಾಸಿಟರಿ), ಆ ಜಾಗಗಳ ಪಟ್ಟಿ ಸೋರ್ಸಸ್ ಫೈಲು, ರೆಪೊದ ಸಹಿ ಅಸಲಿಯಾ ಅಂತ ನೋಡೋಕೆ ಬೇಕಾದ್ದು ಕೀ, ಆ ಕೀ ಸೇರಿಸೋಕೆ ಮುಂಚೆ ಇದ್ದ ಕಮಾಂಡು ಆಪ್ಟ್-ಕೀ. ಈಗ ಡೆಬಿಯನ್ 13 ಹಾಕ್ಕೊಂಡು, ಯಾವ್ದೋ ಸಾಫ್ಟ್‌ವೇರ್ ಬೇಕು ಅಂತ ನಾಲ್ಕೈದು ವರ್ಷ ಹಳೇ ಸೂಚನೆ ನೋಡ್ಕೊಂಡು ಟೈಪ್ ಮಾಡಿದ್ರೆ ಮೊದಲ ಸಾಲಲ್ಲೇ "ಆಪ್ಟ್-ಕೀ: ಕಮಾಂಡ್ ನಾಟ್ ಫೌಂಡ್" ಅಂತ ಬಂದು ನಿಲ್ಲತ್ತೆ. ಉಬುಂಟು 24.04ರಲ್ಲಿ ಸೋರ್ಸಸ್.ಲಿಸ್ಟ್ ತೆಗೆದ್ರೆ ಒಳಗೆ ಏನೂ ಇಲ್ಲ, "ಇದು ಬೇರೆ ಕಡೆ ಹೋಗಿದೆ" ಅನ್ನೋ ಒಂದು ಕಾಮೆಂಟ್ ಅಷ್ಟೇ. ವರ್ಷಗಟ್ಟಲೆ ಕೈಗೆ ರೂಢಿಯಾಗಿದ್ದ ಕಮಾಂಡು ಹೀಗೆ ಕೈಕೊಟ್ಟಾಗ ಸಿಟ್ಟು ಬರೋದು ಸಹಜ, ನಂಗೂ ಬರತ್ತೆ. ಆ ಸಿಟ್ಟಲ್ಲಿ ಎಷ್ಟೋ ಜನ ರೆಪೊ ಸಾಲಿಗೆ "ಟ್ರಸ್ಟೆಡ್=ಎಸ್" ಅಂತ ಸೇರಿಸಿ ಕೆಲಸ ಮುಗಿಸಿಬಿಡ್ತಾರೆ. ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ, ಅದು ಸಹಿ ಪರಿಶೀಲನೆಯನ್ನೇ ಬಿಟ್ಟುಬಿಡು ಅಂತ ಹೇಳಿದ ಹಾಗೆ. ಸರಿಯಾದ ದಾರಿ ಹತ್ತು ನಿಮಿಷದ್ದು, ಒಂದ್ಸಲ ಅರ್ಥ ಆದ್ರೆ ಮುಂದೆ ಎಲ್ಲಾ ರೆಪೊಗೂ ಅದೇ.

ಮೊದಲು ನಿಮ್ಮ ಹತ್ರ ಯಾವ ಆಪ್ಟ್ ಇದೆ ನೋಡ್ಕೊಳ್ಳಿ, "ಆಪ್ಟ್ --ವರ್ಷನ್" ಕೊಟ್ರೆ ಸಾಕು. 3.0 ಅಥವಾ ಅದಕ್ಕಿಂತ ಹೊಸದಿದ್ರೆ (2025ರಲ್ಲಿ ಬಂದಿದ್ದು, ಡೆಬಿಯನ್ 13ರಲ್ಲೂ ಉಬುಂಟು 25.04ರಲ್ಲೂ ಇದೆ) ಆಪ್ಟ್-ಕೀ ಇರೋದೇ ಇಲ್ಲ, ಹುಡುಕಿ ಇನ್ಸ್ಟಾಲ್ ಮಾಡೋಕೂ ಸಿಗಲ್ಲ. ಡೆಬಿಯನ್ 12, ಉಬುಂಟು 24.04ರಲ್ಲಿ ಇನ್ನೂ ಇದೆ ಆದ್ರೆ ಅಲ್ಲಿಗೇ ಕೊನೆ, ಹಾಗಾಗಿ ಅಲ್ಲೂ ಹೊಸ ರೀತೀಲೇ ಮಾಡಿ.

ಯಾಕೆ ತೆಗೆದ್ರು ಅಂದ್ರೆ, ಆಪ್ಟ್-ಕೀ ಮೂಲಕ ಸೇರಿಸಿದ ಪ್ರತಿ ಕೀನೂ ಇಡೀ ಸಿಸ್ಟಮ್ಮಿಗೆ ಒಪ್ಪಿಗೆ ಆಗಿಬಿಡ್ತಿತ್ತು. ಒಂದು ಬ್ರೌಸರ್‌ಗೆ ಅಂತ ಹಾಕಿದ ಕೀಲಿ ಸಹಿ ಮಾಡಿದ್ರೆ ನಿಮ್ಮ ಬ್ಯಾಶ್ (ಟೈಪ್ ಮಾಡಿದ ಕಮಾಂಡ್ ಓಡಿಸೋ ಶೆಲ್) ಪ್ಯಾಕೇಜನ್ನೂ ಆಪ್ಟ್ ಒಪ್ಕೊಳ್ತಿತ್ತು. ಒಂದು ಕೋಣೆ ಬಾಡಿಗೆಗೆ ಬಂದವ್ರಿಗೆ ಇಡೀ ಮನೆ ಬೀಗದಕೈ ಕೊಟ್ಟ ಹಾಗೆ. ಈಗ ಯಾವ ರೆಪೊಗೆ ಯಾವ ಕೀ ಅಂತ ನಾವೇ ಕಟ್ಟಿ ಹೇಳ್ಬೇಕು. ಬದಲಾವಣೆ ಸರಿಯಾದ್ದೇ, ಆದ್ರೆ ಸಾಫ್ಟ್‌ವೇರ್ ಕೊಡೋರು ಎಷ್ಟೋ ಜನ ತಮ್ಮ ಸೂಚನೆಗಳನ್ನ ತಿದ್ದಿಲ್ಲ, ಅದ್ರ ಭಾರ ಬಂದು ಬೀಳೋದು ಹೊಸದಾಗಿ ಲಿನಕ್ಸಿಗೆ ಬಂದವ್ರ ಮೇಲೆ, ನಂಗೆ ಬೇಜಾರು ಇರೋದು ಅದಕ್ಕೆ.

ಸರಿ, ಕೆಲಸಕ್ಕೆ ಬರೋಣ. ರೆಪೊದವ್ರು ಕೊಡೋ ಕೀ ಫೈಲನ್ನ ಡೌನ್‌ಲೋಡ್ ಮಾಡಿ /ಇಟಿಸಿ/ಆಪ್ಟ್/ಕೀರಿಂಗ್ಸ್ ಫೋಲ್ಡರಲ್ಲಿ ಇಡಿ. ಇಲ್ಲಿ ಎರಡು ಕಡೆ ಜನ ಸಿಕ್ಕಿ ಬೀಳ್ತಾರೆ. ಒಂದು, ಫೈಲಿನ ಕೊನೆ ಹೆಸರು. ಫೈಲನ್ನ ಟೆಕ್ಸ್ಟ್ ಎಡಿಟರಲ್ಲಿ ತೆಗೆದಾಗ "ಬಿಗಿನ್ ಪಿಜಿಪಿ ಪಬ್ಲಿಕ್ ಕೀ ಬ್ಲಾಕ್" ಅಂತ ಓದೋಕೆ ಆಗೋ ಸಾಲು ಕಂಡ್ರೆ ಹೆಸರು ಡಾಟ್ ಎಎಸ್‌ಸಿ ಅಂತ ಮುಗೀಬೇಕು, ಬರೀ ಗಜಿಬಿಜಿ ಅಕ್ಷರ ಕಂಡ್ರೆ ಡಾಟ್ ಜಿಪಿಜಿ. ಆಪ್ಟ್ ಹೆಸರು ನೋಡ್ಕೊಂಡೇ ನಿರ್ಧಾರ ಮಾಡತ್ತೆ, ಅದಲು ಬದಲಾದ್ರೆ ಕೀ ಇದ್ದೂ "ನೋ ಪಬ್‌ಕೀ" ಅಂತ ಎರರ್ ಕೊಡತ್ತೆ. ಎರಡನೇದು ಪರ್ಮಿಷನ್. ಆಪ್ಟ್ ಡೌನ್‌ಲೋಡ್ ಮತ್ತೆ ಸಹಿ ಪರಿಶೀಲನೆ ಮಾಡೋದು ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಅಲ್ಲ, "_ಆಪ್ಟ್" ಅನ್ನೋ ಬೇರೆ ಯೂಸರ್ ಆಗಿ, ಅದಕ್ಕೆ ಆ ಫೈಲ್ ಓದೋಕೆ ಬರ್ಬೇಕು. ಚ್‌ಮಾಡ್ 644 ಕೊಟ್ಟುಬಿಡಿ, ಅಂದ್ರೆ ಎಲ್ರೂ ಓದ್ಬಹುದು, ಬರೆಯೋದು ಮಾಲೀಕ ಮಾತ್ರ. ಬಿಗಿಯಾದ ಯುಮಾಸ್ಕ್ (ಹೊಸ ಫೈಲಿಗೆ ತಾನಾಗೇ ಸಿಗೋ ಪರ್ಮಿಷನ್ನಿನ ಮಿತಿ) ಇಟ್ಟಿರೋ ಸರ್ವರ್‌ಗಳಲ್ಲಿ ಇದನ್ನ ಬಿಟ್ರೆ ಎಲ್ಲಾ ಸರಿ ಇದ್ದ ಹಾಗೇ ಕಾಣತ್ತೆ ಆದ್ರೆ ಅಪ್‌ಡೇಟ್ ಮಾತ್ರ ಆಗಲ್ಲ.

ಆಮೇಲೆ /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗೆ ಡಾಟ್ ಸೋರ್ಸಸ್ ಅಂತ ಮುಗಿಯೋ ಹೊಸ ಫೈಲ್ ಮಾಡಿ. ಮುಂಚೆ ಒಂದೇ ಉದ್ದ ಸಾಲಲ್ಲಿ ಇರ್ತಿದ್ದ ವಿಷಯ ಈಗ ಐದು ಸಾಲು: ಟೈಪ್ಸ್ (ಇಲ್ಲಿ ಡೆಬ್), ಯುಆರ್‌ಐಸ್ (ರೆಪೊ ವಿಳಾಸ), ಸ್ವೀಟ್ಸ್ (ಬರೆಯೋದು Suites ಅಂತ; ನೋಬಲ್, ಟ್ರಿಕ್ಸಿ ಥರ ರಿಲೀಸ್ ಹೆಸರು), ಕಾಂಪೊನೆಂಟ್ಸ್ (ಮೇನ್ ಇತ್ಯಾದಿ), ಸೈನ್ಡ್-ಬೈ (ಈಗಷ್ಟೇ ಇಟ್ಟ ಕೀ ಫೈಲಿನ ಪೂರ್ತಿ ದಾರಿ). ಪ್ರತಿ ಹೆಸರಾದ್ಮೇಲೆ ಕೋಲನ್. ಮಧ್ಯೆ ಖಾಲಿ ಸಾಲು ಬಿಡ್ಬೇಡಿ, ಖಾಲಿ ಸಾಲು ಬಂದ್ರೆ ಅಲ್ಲಿಂದ ಇನ್ನೊಂದು ರೆಪೊ ಶುರು ಅಂತ ಅರ್ಥ. ಸ್ವಲ್ಪ ದಿನ ಆ ರೆಪೊ ಬೇಡ ಅನ್ಸಿದ್ರೆ ಅಳಿಸ್ಬೇಕಾಗಿಲ್ಲ, "ಎನೇಬಲ್ಡ್: ನೋ" ಅಂತ ಒಂದು ಸಾಲು ಸಾಕು, ಇದು ಹಳೇ ರೀತಿಗಿಂತ ನಿಜವಾಗ್ಲೂ ಚೆನ್ನಾಗಿದೆ.

ಪಿಪಿಎ (ಉಬುಂಟುಗೆ ಅಂತ ಜನ ತಾವೇ ನಡೆಸೋ ಚಿಕ್ಕ ರೆಪೊ) ಆದ್ರೆ ಉಬುಂಟು 24.04ರಲ್ಲಿ ಆಡ್-ಆಪ್ಟ್-ರೆಪಾಸಿಟರಿ ಕಮಾಂಡೇ ಇದನ್ನೆಲ್ಲ ಮಾಡ್ಕೊಳ್ಳತ್ತೆ, ಕೀಯನ್ನ ಫೈಲೊಳಗೇ ಸೈನ್ಡ್-ಬೈ ಕೆಳಗೆ ತುಂಬಿಡತ್ತೆ. ಅಲ್ಲಿ ಪ್ರತಿ ಸಾಲಿನ ಮುಂದೆ ಒಂದು ಸ್ಪೇಸ್ ಇರತ್ತೆ, ಒಂದು ಕಡೆ ಬರೀ ಒಂದು ಚುಕ್ಕೆ ಇರೋ ಸಾಲೂ ಇರತ್ತೆ. ಕಸ ಅಂತ ಆ ಚುಕ್ಕೆ ಅಳಿಸಿ ಖಾಲಿ ಸಾಲು ಬಿಟ್ರೆ ಕೀ ಅಲ್ಲಿಗೇ ತುಂಡಾಗತ್ತೆ, ಮುಟ್ಬೇಡಿ.

ಈಗ ಆಪ್ಟ್ ಅಪ್‌ಡೇಟ್ ಕೊಡಿ. "ಕಾನ್ಫಿಗರ್ಡ್ ಮಲ್ಟಿಪಲ್ ಟೈಮ್ಸ್" ಅಂತ ಎಚ್ಚರಿಕೆ ಬಂದ್ರೆ ಅದೇ ರೆಪೊ ಹಳೇ ಡಾಟ್ ಲಿಸ್ಟ್ ಫೈಲಲ್ಲೂ ಇದೆ ಅಂತ, ಹಳೇದನ್ನ ತೆಗೀರಿ. "ಕಾನ್‌ಫ್ಲಿಕ್ಟಿಂಗ್ ವ್ಯಾಲ್ಯೂಸ್ ಸೆಟ್ ಫಾರ್ ಆಪ್ಷನ್ ಸೈನ್ಡ್-ಬೈ" ಅಂತ ಬಂದ್ರೆ ಸ್ವಲ್ಪ ಜೋರು, ಆಪ್ಟ್ ಯಾವ ರೆಪೊನೂ ಓದದೆ ಪೂರ್ತಿ ನಿಂತುಬಿಡತ್ತೆ. ಆದ್ರೆ ಕಾರಣ ಹೆಚ್ಚುಕಮ್ಮಿ ಅದೇ, ಒಂದೇ ರೆಪೊಗೆ ಎರಡು ಫೈಲು, ಎರಡರಲ್ಲೂ ಬೇರೆ ಬೇರೆ ಕೀ ದಾರಿ. ಕೆಲವು ಸಾಫ್ಟ್‌ವೇರ್ ಇನ್ಸ್ಟಾಲ್ ಆಗೋವಾಗ ತಾನೇ ಒಂದು ಸೋರ್ಸಸ್ ಫೈಲ್ ಬರ್ಕೊಳ್ಳತ್ತೆ, ನಾವು ಕೈಯಾರೆ ಬರ್ದಿದ್ದು ಅದಕ್ಕೆ ಡಿಕ್ಕಿ ಹೊಡೆಯತ್ತೆ. ಆ ಫೋಲ್ಡರಲ್ಲಿ ರೆಪೊ ವಿಳಾಸ ಹಿಡಿದು ಗ್ರೆಪ್ ಮಾಡಿ (ಅಂದ್ರೆ ಫೈಲುಗಳೊಳಗೆ ಹುಡುಕಿ), ಒಂದು ಉಳಿಸಿ.

ಎಸ್‌ಎಚ್‌ಎ1 (ಸಹಿ ಮಾಡೋಕೆ ಬಳಸ್ತಿದ್ದ, ಈಗ ದುರ್ಬಲ ಅನ್ನಿಸ್ಕೊಂಡಿರೋ ಹಳೇ ವಿಧಾನ) ಬಗ್ಗೆ ದೂರು ಬಂದ್ರೆ ಮಾತ್ರ ತಪ್ಪು ನಿಮ್ದಲ್ಲ. ಡೆಬಿಯನ್ 13 ಹಳೇ ಎಸ್‌ಎಚ್‌ಎ1 ಸಹಿಗಳನ್ನ 2026 ಫೆಬ್ರವರಿ 1ರಿಂದ ಒಪ್ಪಲ್ಲ, ಅದನ್ನ ರೆಪೊ ನಡೆಸೋರೇ ಸರಿ ಮಾಡ್ಬೇಕು. ಹೊಸ ಕೀ ಬಿಟ್ಟಿದ್ದಾರಾ ನೋಡಿ, ಇಲ್ಲಾಂದ್ರೆ ಅವ್ರಿಗೆ ಬರೀರಿ, ಅಲ್ಲೀವರೆಗೂ ಎನೇಬಲ್ಡ್ ನೋ ಮಾಡಿಡಿ.

ಹಳೇ ಲಿಸ್ಟ್ ಫೈಲುಗಳು ತುಂಬಾ ಇದ್ರೆ 3.0ರಲ್ಲಿ "ಆಪ್ಟ್ ಮಾಡರ್ನೈಸ್-ಸೋರ್ಸಸ್" ಅಂತ ಕಮಾಂಡ್ ಇದೆ, ಎಲ್ಲಾನೂ ಹೊಸ ರೂಪಕ್ಕೆ ತಿರುಗಿಸಿ ಹಳೇದನ್ನ ಡಾಟ್ ಬ್ಯಾಕ್ ಅಂತ ಇಟ್ಕೊಳ್ಳತ್ತೆ. ಮುಗಿದ್ಮೇಲೆ ಪ್ರತಿ ಫೈಲ್ ತೆಗೆದು ಸೈನ್ಡ್-ಬೈ ಸಾಲು ಖಾಲಿ ಇದ್ಯಾ ನೋಡಿ, ಕೀ ಯಾವ್ದು ಅಂತ ಅದಕ್ಕೆ ಗೊತ್ತಾಗ್ದಿದ್ರೆ ಖಾಲಿ ಬಿಟ್ಟಿರತ್ತೆ, ಅದನ್ನ ನೀವೇ ತುಂಬಿ.

ಇನ್ನು ಸ್ಕ್ರಿಪ್ಟ್ ಬರೆಯೋರು ಆಪ್ಟ್ ಬದಲು ಆಪ್ಟ್-ಗೆಟ್ (ಅದೇ ಕೆಲಸದ ಹಳೇ ಕಮಾಂಡು) ಬಳಸಿ. ಆಪ್ಟ್‌ನ ಔಟ್‌ಪುಟ್ 3.0ರಲ್ಲಿ ಬಣ್ಣ, ಕಾಲಂ ಎಲ್ಲಾ ಬದಲಾಗಿದೆ, ಮುಂದೇನೂ ಬದಲಾಗತ್ತೆ, ಅದನ್ನ ಪೈಪ್ ಮಾಡಿದ್ರೆ (ಇನ್ನೊಂದು ಕಮಾಂಡಿಗೆ ದಾಟಿಸಿದ್ರೆ) ಆಪ್ಟೇ ಎಚ್ಚರಿಕೆ ಕೊಡತ್ತೆ. ಆಪ್ಟ್-ಗೆಟ್ ಇರೋದೇ ಹಳೇ ಸ್ಕ್ರಿಪ್ಟುಗಳು ಮುರೀಬಾರದು ಅಂತ.