ತೊಂಬತ್ತು ಎನ್ನಲಾರದೆ ಎಂಬತ್ತು ಎಂದೆ

ನನ್ನ ಕನ್ನಡ ಬಹಳ ಸೊಗಸು ಎಂದು ಹೊಗಳುವವರು ಒಂದು ಕಾಲದಲ್ಲಿ ಸಾಕಷ್ಟು ಮಂದಿ ಇದ್ದರು. ಎಲ್ಲರೂ ಪುಸ್ತಕ ಎನ್ನುವಲ್ಲಿ ನಾನು ಹೊತ್ತಗೆ ಎನ್ನುತ್ತಿದ್ದೆ. ಬೆಳಿಗ್ಗೆಗೆ ಮುಂಜಾನೆ, ಕೆಲಸಕ್ಕೆ ಉದ್ಯೋಗ, ಪತ್ರಕ್ಕೆ ಓಲೆ. ಅದನ್ನು ಭಾಷಾಭಿಮಾನವೆಂದು ತಿಳಿದವರನ್ನು ನಾನು ತಿದ್ದಲಿಲ್ಲ. ನಿಜ ಇಷ್ಟೇ: ಪ, ಕ, ಬ, ತ ಅಕ್ಷರಗಳಿಂದ ಶುರುವಾಗುವ ಪದಗಳು ನನ್ನ ಬಾಯಿಂದ ಹೊರಡುತ್ತಿರಲಿಲ್ಲ. ನಾನು ಉಗ್ಗುತ್ತೇನೆ. ಉಗ್ಗು ಎನ್ನುವುದು ಸ್ವರದಿಂದ ಶುರುವಾಗುವುದರಿಂದ ಹೇಗೋ ಹೇಳಿಬಿಡಬಹುದು. ತೊದಲು ಎನ್ನಲು ಹೋದರೆ ಮೊದಲಕ್ಷರದಲ್ಲೇ ಸಿಕ್ಕಿಬೀಳುತ್ತೇನೆ. ಆ ಹೆಸರಿಟ್ಟವರು ಅದನ್ನು ನಮ್ಮಂಥವರೇ ಹೆಚ್ಚು ಹೇಳಬೇಕಾಗುತ್ತದೆ ಎಂದು ಯೋಚಿಸಲಿಲ್ಲ.

ನನಗೆ ಇದು ಶುರುವಾದದ್ದು ಮೂರು ವರ್ಷ ತುಂಬಿದ ಮೇಲೆ ಎಂದು ಮನೆಯವರು ಹೇಳುತ್ತಾರೆ. ಹೆಚ್ಚಿನವರಿಗೆ ಎರಡರಿಂದ ಐದು ವರ್ಷದ ನಡುವೆಯೇ ಶುರುವಾಗುತ್ತದೆ, ಬಹುಪಾಲು ಮಕ್ಕಳಿಗೆ ಕಾಲಕ್ರಮದಲ್ಲಿ ಹೋಗಿಯೂ ಬಿಡುತ್ತದೆ. ವಯಸ್ಕರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಳಿಯುತ್ತದೆ. ಅವರಲ್ಲಿ ಗಂಡಸರೇ ಹೆಚ್ಚು. ಕೆಲವು ಕುಟುಂಬಗಳಲ್ಲಿ ಇದು ವಂಶದಲ್ಲಿ ಹರಿದುಬರುತ್ತದೆ. ನನ್ನ ಸೋದರಮಾವನಿಗೂ ಇತ್ತು. ಅವರು ಮಾತನ್ನೇ ಕಡಿಮೆ ಮಾಡಿಕೊಂಡು ಬದುಕು ಸಾಗಿಸಿದರು. ‘ಗಂಭೀರ ಮನುಷ್ಯ’ ಎಂಬ ಹೆಸರು ಪಡೆದರು.

ಉಗ್ಗದವರಿಗೆ ಇದು ಹೇಗಿರುತ್ತದೆ ಎಂದು ತಿಳಿಸುವುದು ಕಷ್ಟ. ಪದ ಮರೆತುಹೋಗಿದೆ ಎಂದುಕೊಂಡು ಎದುರಿಗಿರುವವರು ನೆನಪಿಸಲು ನೋಡುತ್ತಾರೆ. ಪದ ಮರೆತಿರುವುದಿಲ್ಲ. ಪ ಅನ್ನಲು ತುಟಿಗಳೆರಡೂ ಕೂಡುತ್ತವೆ, ಆಮೇಲೆ ಬಿಡುವುದಿಲ್ಲ. ಹಿಂದೆ ಉಸಿರು ಒತ್ತುತ್ತಲೇ ಇರುತ್ತದೆ, ಒತ್ತಿದಷ್ಟೂ ತುಟಿ ಬಿಗಿಯುತ್ತದೆ. ವಿಚಿತ್ರವೆಂದರೆ ಹಾಡುವಾಗ, ಒಬ್ಬನೇ ಇದ್ದು ಗಟ್ಟಿಯಾಗಿ ಓದುವಾಗ, ನಾಲ್ಕು ಜನರ ಜೊತೆ ಒಟ್ಟಿಗೆ ದನಿಗೂಡಿಸುವಾಗ ಇದೇ ಬಾಯಿ ಸರಾಗ. ಆದ್ದರಿಂದ ಶಾಲೆಯಲ್ಲಿ ‘ಬೇಕೆಂದೇ ಮಾಡುತ್ತಾನೆ’ ಎಂಬ ಅಪವಾದವೂ ಬಂತು.

ಪದ ಬದಲಿಸುವುದು ನನ್ನ ಮೊದಲ ಉಪಾಯವಾಗಿತ್ತು, ಕೊನೆಯದಲ್ಲ. ತೊಡೆ ತಟ್ಟಿದರೆ ಮಾತು ಹೊರಡುತ್ತದೆ ಎಂದು ಹದಿಮೂರನೆಯ ವಯಸ್ಸಿನಲ್ಲಿ ಕಂಡುಕೊಂಡೆ. ಕೆಲವು ವಾರ ಹೊರಟಿತು, ಆಮೇಲೆ ಆ ಉಪಾಯ ಸವೆದುಹೋಯಿತು. ಉಗ್ಗೂ ಉಳಿಯಿತು, ತೊಡೆ ತಟ್ಟುವ ಚಾಳಿಯೂ ಉಳಿಯಿತು. ಸಭೆಯಲ್ಲಿ ಎಲ್ಲರೂ ಪರಿಚಯ ಹೇಳಿಕೊಳ್ಳುವಾಗ ನನ್ನ ಸರದಿಗೆ ಇನ್ನೆಷ್ಟು ಜನ ಎಂದು ಎಣಿಸಿ, ಎರಡು ಕುರ್ಚಿ ಇರುವಾಗ ಎದ್ದು ಹೊರಗೆ ಹೋಗುತ್ತಿದ್ದೆ. ನನ್ನ ಹೆಸರೂ ಪ ಅಕ್ಷರದ್ದೇ. ಪುಸ್ತಕಕ್ಕೆ ಹೊತ್ತಗೆಯಿದೆ, ಹೆಸರಿಗೆ ಪರ್ಯಾಯವಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್. ಕೆಲಸ ನೀರೆತ್ತುವ ಪಂಪುಗಳ ವಿನ್ಯಾಸ. ಪಂಪು ಎನ್ನಲಾರದೆ ಹನ್ನೊಂದು ವರ್ಷ ‘ಯಂತ್ರ’ ಎಂದೇ ಹೇಳಿದೆ. ಲೆಕ್ಕ ನನ್ನದು, ನಕ್ಷೆ ನನ್ನದು, ವರದಿ ನನ್ನದು. ಅದನ್ನು ಗ್ರಾಹಕರ ಮುಂದೆ ಎದ್ದು ನಿಂತು ಹೇಳುತ್ತಿದ್ದವರು ಬೇರೆಯವರು. ತಂಡದ ಮುಖ್ಯಸ್ಥನಾಗು ಎಂದು ಎರಡು ಸಲ ಕೇಳಿದರು. ಎರಡು ಸಲವೂ ಮನೆಯ ತೊಂದರೆಯ ನೆಪ ಹೇಳಿದೆ. ನನಗೆ ಅಧಿಕಾರದ ಆಸೆಯಿಲ್ಲ ಎಂದು ನಾನೇ ನಂಬುವಷ್ಟು ಸಲ ಹೇಳಿಕೊಂಡಿದ್ದೆ.

ಒಂದು ದಿನ ಆ ಎದ್ದು ಮಾತಾಡುವವರು ಬಂದಿರಲಿಲ್ಲ. ಗ್ರಾಹಕರ ಕಡೆಯ ಹಿರಿಯರೊಬ್ಬರು ನೇರವಾಗಿ ನನ್ನನ್ನೇ ಕೇಳಿದರು: “ಇದಕ್ಕೆ ಎಷ್ಟು ದಿನ ಬೇಕಾಗುತ್ತದೆ?” ಉತ್ತರ ತೊಂಬತ್ತು. ಲೆಕ್ಕ ಹಾಕಿದವನು ನಾನೇ. ಕನ್ನಡದ ಹತ್ತುಗಳನ್ನು ಒಮ್ಮೆ ಎಣಿಸಿ ನೋಡಿ: ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು. ಒಂದೂ ನನ್ನನ್ನು ತಡೆಯುವಂಥದ್ದಲ್ಲ. ತ ಅಕ್ಷರದಿಂದ ಶುರುವಾಗುವುದು ತೊಂಬತ್ತು ಮಾತ್ರ. ನಾಲಿಗೆ ಹಲ್ಲಿಗೆ ಅಂಟಿಕೊಂಡಿತು. ಎಲ್ಲರೂ ನನ್ನತ್ತ ನೋಡುತ್ತಿದ್ದರು. ನಾನು “ಎಂಬತ್ತು” ಎಂದೆ.

ಅವರು ಬರೆದುಕೊಂಡರು. ಒಪ್ಪಂದದಲ್ಲೂ ಎಂಬತ್ತೇ ಬಂತು. ಆ ಹತ್ತು ದಿನದ ಕೊರತೆಯನ್ನು ತುಂಬಲು ತಂಡದ ಐದು ಜನ ರಜೆ ಬಿಟ್ಟು, ರಾತ್ರಿ ಕೂತು ದುಡಿದರು. ಅವರಲ್ಲೊಬ್ಬಳ ಮಗುವಿಗೆ ಆಗ ಒಂದು ವರ್ಷ ತುಂಬಿರಲಿಲ್ಲ. ಲೆಕ್ಕ ಹೇಗೆ ತಪ್ಪಿತು ಎಂದು ಯಾರೋ ಕೇಳಿದಾಗ ‘ಅಂದಾಜು ಮಾಡುವಾಗ ಎಡವಿದೆ’ ಎಂದೆ. ಅಲ್ಲಿಯವರೆಗೆ ನನ್ನ ಉಗ್ಗಿನಿಂದ ನಷ್ಟವಾಗುವುದು ನನಗೊಬ್ಬನಿಗೆ, ಅದನ್ನು ನಾನು ಭರಿಸುತ್ತೇನೆ ಎಂಬ ಒಂದು ಬಗೆಯ ಹೆಮ್ಮೆಯಿತ್ತು. ಅದು ಆ ಎಂಬತ್ತು ದಿನಗಳಲ್ಲಿ ಕರಗಿಹೋಯಿತು.

ವಾಕ್ ಚಿಕಿತ್ಸಕರೊಬ್ಬರ ಬಳಿ ಹೋದೆ. ಚಿಕ್ಕಂದಿನಲ್ಲೂ ಕರೆದೊಯ್ದಿದ್ದರು, ಆಗ ದೀರ್ಘ ಉಸಿರು ತೆಗೆದು, ತಾಳಕ್ಕೆ ತಕ್ಕಂತೆ ಒಂದೊಂದೇ ಅಕ್ಷರ ಹೇಳಿಸಿದ್ದರು. ಆ ಕೋಣೆಯಲ್ಲಿ ಸರಾಗ, ಬಾಗಿಲು ದಾಟಿದರೆ ಮತ್ತೆ ಅದೇ. ಈ ಬಾರಿಯ ಮೇಡಂ ಉಗ್ಗು ನಿಲ್ಲಿಸುವ ಮಾತನ್ನೇ ಎತ್ತಲಿಲ್ಲ. “ನೀವು ದಿನಕ್ಕೆ ಎಷ್ಟು ಸಲ ಉಗ್ಗುತ್ತೀರಿ?” ಎಂದು ಕೇಳಿದರು. “ಅಪರೂಪಕ್ಕೆ” ಎಂದೆ, ನಿಜವಾಗಿಯೂ ಕಡಿಮೆಯೇ ಇತ್ತು. “ಹಾಗಾದರೆ ಎಷ್ಟು ಸಲ ತಪ್ಪಿಸಿಕೊಳ್ಳುತ್ತೀರಿ?” ಎಂದರು. ಗೊತ್ತಿರಲಿಲ್ಲ. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಒಂದು ವಾರ ಗುರುತು ಹಾಕಲು ಹೇಳಿದರು: ಪದ ಬದಲಿಸಿದ್ದು, ಫೋನ್ ಎತ್ತದೆ ಬಿಟ್ಟದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು. ಮೊದಲ ದಿನವೇ ನಲವತ್ತೊಂದು ಗೀಟುಗಳಾದವು. ಉಗ್ಗಿದ್ದು ಎರಡು ಸಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೋಸೆಫ್ ಶೀಹನ್ ಉಗ್ಗನ್ನು ಸಮುದ್ರದಲ್ಲಿ ತೇಲುವ ಹಿಮಬಂಡೆಗೆ ಹೋಲಿಸಿದ್ದರು, ಕಾಣುವುದು ಮೇಲಿನ ತುದಿ, ಮುಳುಗಿರುವುದು ನಾಚಿಕೆ, ಭಯ, ಬಚ್ಚಿಡುವಿಕೆ ಎಂದು ಮೇಡಂ ಹೇಳಿದರು. ಸ್ವತಃ ಶೀಹನ್ ಕೂಡ ಉಗ್ಗುತ್ತಿದ್ದವರು. ನನಗೆ ಹೋಲಿಕೆಗಿಂತ ಆ ನಲವತ್ತೊಂದು ಗೀಟುಗಳೇ ಹೆಚ್ಚು ನಾಟಿದವು.

ಆಮೇಲಿನ ಕೆಲಸ ನಾನು ಊಹಿಸಿದ್ದಕ್ಕೆ ತಿರುವುಮುರುವು. ಮೊದಲು ಬೇಕೆಂದೇ ಉಗ್ಗಬೇಕು. ಗುರುತಿಲ್ಲದ ಅಂಗಡಿಗೆ ಫೋನ್ ಮಾಡಿ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಕೇಳುವಾಗ ಸುಲಭದ ಪದದಲ್ಲೇ ‘ಎ-ಎ-ಎಷ್ಟು’ ಎನ್ನಬೇಕು. ಮೊದಲ ಕರೆಗೆ ಮುಂಚೆ ಫೋನ್ ಹಿಡಿದು ಇಪ್ಪತ್ತು ನಿಮಿಷ ಕೂತಿದ್ದೆ. ಆ ಕಡೆಯವರು “ಎಂಟರವರೆಗೆ” ಎಂದು ಇಟ್ಟುಬಿಟ್ಟರು. ಅಷ್ಟೇ. ಮೂವತ್ತು ವರ್ಷ ಹೆದರಿದ್ದು ಇಷ್ಟಕ್ಕೇ ಎಂದು ನಗು ಬಂತು. ಸ್ವಲ್ಪ ಸಿಟ್ಟೂ ಬಂತು. ಹತ್ತನೆಯ ಕರೆಯಲ್ಲಿ ಒಬ್ಬರು ನಕ್ಕು ಅಣಕಿಸಿದರು. ಅದೂ ಆಗಬೇಕಿತ್ತೇನೋ. ಅವರು ಅಣಕಿಸಿದ ಮೇಲೂ ನಾನು ಪ್ರಶ್ನೆ ಮುಗಿಸಿದೆ.

ಎರಡನೆಯದು ಸಿಕ್ಕಿಬಿದ್ದಾಗ ಏನು ಮಾಡಬೇಕೆಂಬುದು. ಈ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ವಾಕ್ ಚಿಕಿತ್ಸಕ ಚಾರ್ಲ್ಸ್ ವಾನ್ ರೈಪರ್, ಅವರೂ ಉಗ್ಗುತ್ತಿದ್ದವರೇ. ಇದನ್ನು ಕಲಿಯುವುದು ಹಿಂದುಮುಂದಾಗಿ. ಮೊದಲು ಪದ ಹೇಗೋ ಹೊರಬಿದ್ದ ಮೇಲೆ ನಿಲ್ಲಬೇಕು, ಎಲ್ಲಿ ಬಿಗಿದಿತ್ತು ಎಂದು ಗಮನಿಸಿ ಅದೇ ಪದವನ್ನು ಸಡಿಲವಾಗಿ ಮತ್ತೆ ಹೇಳಬೇಕು. ಅದು ಪಳಗಿದ ಮೇಲೆ, ಪದದ ನಡುವೆ ಸಿಕ್ಕಿಕೊಂಡಿರುವಾಗಲೇ ಬಿಡಿಸಿಕೊಳ್ಳುವುದು. ಕೊನೆಗೆ, ಸಿಕ್ಕಿಕೊಳ್ಳುತ್ತೇನೆ ಎಂದು ಮೊದಲೇ ತಿಳಿದಾಗ ಮೆಲ್ಲಗೆ ಒಳಹೊಗುವುದು. ನನಗೆ ಹೆಚ್ಚು ಒದಗಿದ್ದು ನಡುವಿನದು. ತುಟಿ ಬಿಗಿದಾಗ ಇನ್ನಷ್ಟು ನೂಕುವುದು ಹಳೆಯ ಅಭ್ಯಾಸ. ಈಗ ಅದೇ ಬಿಗಿಯಲ್ಲಿ ಒಂದು ಕ್ಷಣ ಇದ್ದು, ನೂಕುವುದನ್ನು ಬಿಟ್ಟು, ತುಟಿ ತಾನಾಗಿ ಸಡಿಲವಾಗುವವರೆಗೆ ಕಾಯುತ್ತೇನೆ. ಎದುರಿನವರ ಕಣ್ಣು ತಪ್ಪಿಸಬಾರದು, ಇದೇ ಎಲ್ಲಕ್ಕಿಂತ ಕಷ್ಟ. ನಾನು ನೆಲ ನೋಡಿದರೆ ಅವರೂ ಮುಜುಗರದಿಂದ ನೆಲ ನೋಡುತ್ತಾರೆ. ನಾನು ಅವರನ್ನೇ ನೋಡುತ್ತಿದ್ದರೆ ಹೆಚ್ಚಿನವರು ಸುಮ್ಮನೆ ಕಾಯುತ್ತಾರೆ.

ಮೂರನೆಯದು ಹೇಳಿಬಿಡುವುದು. ಸಭೆಯ ಆರಂಭದಲ್ಲೇ, “ನಾನು ಉಗ್ಗುತ್ತೇನೆ, ಕೆಲವು ಪದಗಳಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ” ಎನ್ನುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳಬೇಡಿ ಎಂದು ಮೇಡಂ ಕಟ್ಟುನಿಟ್ಟಾಗಿ ಹೇಳಿದ್ದರು. ಬಚ್ಚಿಡಬೇಕಾದದ್ದು ಉಳಿಯದಿದ್ದರೆ ತಲೆಯಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೆ ಎಂಬುದು ನನಗೆ ಅಚ್ಚರಿ ತಂದಿತು. ಮುಂದಿನ ವಾಕ್ಯದ ಅಪಾಯಕಾರಿ ಪದಗಳನ್ನು ಹುಡುಕುತ್ತಾ ಕೂರುತ್ತಿದ್ದವನು ಮೊದಲ ಬಾರಿಗೆ ಎದುರಿನವರು ಹೇಳುತ್ತಿದ್ದುದನ್ನು ಪೂರ್ತಿ ಕೇಳಿಸಿಕೊಂಡೆ.

ನಾನು ಗುಣವಾಗಿಲ್ಲ. ಎಣಿಸಿ ನೋಡಿದರೆ ಈಗ ಮೊದಲಿಗಿಂತ ಬಹಳ ಹೆಚ್ಚು ಉಗ್ಗುತ್ತೇನೆ. ನಿದ್ದೆಗೆಟ್ಟ ವಾರಗಳಲ್ಲಿ ಪ್ರತಿ ಮೂರನೆಯ ಪದಕ್ಕೂ ನಿಲ್ಲುವುದುಂಟು. ವಿಡಿಯೊ ಸಭೆಗಳು ಬೇರೆಯದೇ ಪಾಡು: ನಾನು ತುಟಿ ಬಿಗಿದು ನಿಂತಾಗ ಇಂಟರ್ನೆಟ್ ಹೋಯಿತೆಂದು ತಿಳಿದು “ಕೇಳಿಸುತ್ತಿದೆಯೇ? ಕೇಳಿಸುತ್ತಿದೆಯೇ?” ಎಂದು ಶುರು ಮಾಡುತ್ತಾರೆ. ಆಗ ಕೈ ಎತ್ತಿ ತೋರಿಸುತ್ತೇನೆ. ನನ್ನ ವಾಕ್ಯವನ್ನು ತಾವೇ ಮುಗಿಸಿಕೊಡುವವರು ಈಗಲೂ ಇದ್ದಾರೆ, ಅರ್ಧದಷ್ಟು ಸಲ ತಪ್ಪು ಪದ ಹಾಕಿ. ಅವರದು ಒಳ್ಳೆಯ ಮನಸ್ಸೇ. ಆದರೂ ನಾನು ಮೊದಲಿನಿಂದ ಹೇಳುತ್ತೇನೆ.

ತಂಡದವರಿಗೆ ಎಂಬತ್ತರ ಕಥೆಯನ್ನು ಹೇಳಲು ಒಂದೂವರೆ ವರ್ಷ ತೆಗೆದುಕೊಂಡೆ. ಮಗುವಿನ ತಾಯಿ ಬಹಳ ಹೊತ್ತು ಸುಮ್ಮನಿದ್ದು, “ಒಂದು ಚೀಟಿಯಲ್ಲಿ ಬರೆದು ತೋರಿಸಬಹುದಿತ್ತಲ್ಲ ಸರ್” ಎಂದಳು. ಅದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಮೂರನೆಯ ಸಲ ಮುಖ್ಯಸ್ಥನಾಗು ಎಂದು ಕೇಳಿದಾಗ ಒಪ್ಪಿಕೊಂಡೆ.

ಕಳೆದ ವರ್ಷ ಬೇರೊಂದು ಯೋಜನೆ, ಬೇರೆ ಗ್ರಾಹಕರು, ಅದೇ ಪ್ರಶ್ನೆ. ಲೆಕ್ಕ ಮತ್ತೆ ತೊಂಬತ್ತಕ್ಕೇ ಬಂದು ನಿಂತಿತ್ತು. ಮೂರು ಸಲ ಪರೀಕ್ಷಿಸಿದ್ದೆ, ಎಂಬತ್ತೊಂಬತ್ತು ಆಗಬಹುದೇ ಎಂದು ನೋಡಿದ್ದೂ ಸುಳ್ಳಲ್ಲ. ನಾಲಿಗೆ ಹಲ್ಲಿಗೆ ಅಂಟಿತು. ನೂಕಲಿಲ್ಲ. ಮೇಜಿನ ಆ ಬದಿಯ ಹೆಂಗಸಿನ ಮುಖ ನೋಡುತ್ತಾ ಇದ್ದೆ. ಏಳೆಂಟು ಸೆಕೆಂಡುಗಳಾಗಿರಬೇಕು. ಯಾರೋ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. “ತ… ತೊಂಬತ್ತು ದಿನ.”

ಆಕೆ ಬರೆದುಕೊಳ್ಳುತ್ತಾ ತಲೆಯೆತ್ತದೆ ಕೇಳಿದರು: “ರಜಾದಿನ ಸೇರಿಸಿಯೋ, ಬಿಟ್ಟೋ?”