ಥೈರಾಯ್ಡ್ ಮಾತ್ರೆ ನುಂಗುವಾಗ ಇದನ್ನು ಗಮನಿಸಿ
ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕಡಿಮೆ) ಇರುವವರಿಗೆ ಒಂದು ಮಾತು. ಥೈರಾಕ್ಸಿನ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ತಗೊಳ್ಳಿ. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿಯೂ ಬೇಡ. ನಾನು ರಾತ್ರಿಯೇ ಹಾಸಿಗೆ ಪಕ್ಕ ಮಾತ್ರೆ ಡಬ್ಬಿ, ಒಂದು ಲೋಟ ನೀರು ಮುಚ್ಚಿಟ್ಟು ಮಲಗುತ್ತೇನೆ. ಕಣ್ಣುಜ್ಜಿಕೊಂಡು ಎದ್ದ ತಕ್ಷಣ ನುಂಗಿಬಿಡುತ್ತೇನೆ.

ಜಾಸ್ತಿ ಜನ ಎಡವುವುದು ಕ್ಯಾಲ್ಸಿಯಂ, ಐರನ್ ಮಾತ್ರೆಗಳಲ್ಲಿ. ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. 4 ಗಂಟೆ ಅಂತರ ಇರಲೇಬೇಕು. ನನಗೂ ಹೀಗೇ ಆಗಿತ್ತು. ದಿನಾ ಮಾತ್ರೆ ನುಂಗಿದರೂ, ಈ ಹಾರ್ಮೋನ್ ಕಡಿಮೆಯಾದಾಗ ರಕ್ತದಲ್ಲಿ ಏರುವ ಟಿಎಸ್‌ಎಚ್ ಇಳಿಯಲಿಲ್ಲ, ಬಾಚಣಿಗೆ ತುಂಬ ಕೂದಲು.

ಡೋಸ್ ಬದಲಾದರೆ 6ರಿಂದ 8 ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಕೂದಲಿಗೆಂದು ಬಯೋಟಿನ್ ಅನ್ನೋ ವಿಟಮಿನ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ರಿಪೋರ್ಟ್ ತಪ್ಪು ಬರಬಹುದು. ಈಗ ಆರಾಮಾಗಿದ್ದೀನಿ ಅಂತ ಸುಮ್ನೆ ಮಾತ್ರೆ ನಿಲ್ಲಿಸಬೇಡಿ.