ಹುಳ ಹಿಡಿಯೋ ಗಿಡಕ್ಕೆ ಮಳೆನೀರು ಸಾಕು

ಮೊನ್ನೆ ತಂಗಿ ಮಗಳು ಫೋನ್ ಮಾಡಿ "ದೊಡ್ಡಮ್ಮ, ಬೆಂಗ್ಳೂರಿಂದ ತಂದ ಹುಳ ಹಿಡಿಯೋ ಗಿಡ, ವೀನಸ್ ಫ್ಲೈಟ್ರ್ಯಾಪ್, ಪೂರ್ತಿ ಕಪ್ಪಾಗ್ತಾ ಇದೆ, ಏನ್ ಹಾಕ್ಲಿ" ಅಂದ್ಲು. ಇಲ್ಲಿವರೆಗೆ ಏನೇನು ಹಾಕಿದ್ದೀಯ ಹೇಳು ಅಂದ್ರೆ, ಕೊಟ್ಟಿಗೆ ಗೊಬ್ಬರ ಒಂದ್ ಹಿಡಿ, ದಿನಾ ಎರಡು ಹೊತ್ತು ಬೋರ್ ನೀರು, ಮೇಲಿಂದ ಅದರ ಬಾಯಿಗೆ ಕೋಳಿ ಮಾಂಸದ ಚೂರು ಬೇರೆ. ಪಾಪ, ಪ್ರೀತಿಯಿಂದಾನೇ ಮಾಡಿದ್ದಾಳೆ. ನಾನೂ ಶುರುವಿನಲ್ಲಿ ಹಿಂಗೇ ಮಾಡಿ ಐದು ಗಿಡ ಕಳ್ಕೊಂಡೆ, ಆ ಬೇಜಾರು ಇನ್ನೂ ಹೋಗಿಲ್ಲ. ಮಡಿಕೇರಿ ಹತ್ರದ ನಮ್ಮ ಮನೆ ಜಗಲಿಯಲ್ಲಿ ಈಗ ನಲವತ್ತು ಕುಂಡ ಇದೆ, ಹಾಗಾಗಿ ಕಲ್ತಿದ್ದನ್ನ ಹೇಳ್ತೀನಿ.

ಮೊದ್ಲು ಒಂದು ವಿಷ್ಯ ತಲೇಲಿ ಇರ್ಲಿ. ಈ ಗಿಡಗಳು ಹುಟ್ಟಿದ್ದೇ ಸಾರ ಇಲ್ಲದ ಜೌಗು ಮಣ್ಣಲ್ಲಿ. ಫ್ಲೈಟ್ರ್ಯಾಪ್ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಜೌಗಲ್ಲಿ ಬಿಟ್ರೆ ಬೇರೆಲ್ಲೂ ತಾನಾಗಿ ಬೆಳೆಯೋದಲ್ಲ. ಮಣ್ಣಲ್ಲಿ ಸಾರಜನಕ ಸಿಗದೇ ಇದ್ದಿದ್ದಕ್ಕೇ ಎಲೆ ಬಲೆಯಾಗಿದ್ದು, ಬೇರಿಗೆ ಲವಣ ತಡ್ಕೊಂಡು ಅಭ್ಯಾಸಾನೇ ಇಲ್ಲ. ನಾವು ಗುಲಾಬಿಗೆ ಹಾಕಿದ ಹಾಗೆ ಗೊಬ್ಬರ ಹಾಕಿದ್ರೆ ಬೇರು ಸುಟ್ಟು ಹೋಗುತ್ತೆ.

ಅದಕ್ಕೇ ಕೆಂಪು ಮಣ್ಣೂ ಬೇಡ, ತೋಟದ ಗೋಡೂ ಬೇಡ. ಪೀಟ್ ಮಾಸ್ (ಜೌಗಲ್ಲಿ ಕೊಳೆತ ಸ್ಫ್ಯಾಗ್ನಮ್ ಪಾಚಿ) ಒಂದು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಒಂದು ಪಾಲು, ಅಷ್ಟೇ. ಕೊಕೊಪೀಟ್ ಹಾಕ್ಬೋದಾ ಅಂತ ತುಂಬಾ ಜನ ಕೇಳ್ತಾರೆ, ತೆಂಗಿನ ನಾರಿನ ಪುಡಿಯಲ್ಲಿ ಉಪ್ಪು ಇರುತ್ತೆ, ಮಳೆನೀರಲ್ಲಿ ನೆನೆಸಿ ಹಿಂಡಿ ಆರೇಳು ಸಲ ತೊಳೆಯೋ ತಾಳ್ಮೆ ಇದ್ರೆ ಮಾತ್ರ ಹಾಕಿ, ನಾನಂತೂ ಬಿಟ್ಟುಬಿಟ್ಟೆ. ತೋಟದ ಮರದ ಮೇಲಿಂದ ಕಿತ್ತ ಪಾಚಿ ಸ್ಫ್ಯಾಗ್ನಮ್ ಅಲ್ಲ, ಅದು ಕೊಳೆಯುತ್ತೆ.

ನೀರಿನ ವಿಷ್ಯದಲ್ಲಿ ಕೊಡಗಿನವರಷ್ಟು ಪುಣ್ಯವಂತರು ಇಲ್ಲ. ಐನೂರು ರೂಪಾಯಿ ಒಳಗೆ ಪೆನ್ನಿನ ತರದ ಟಿಡಿಎಸ್ ಮೀಟರ್ ಸಿಗುತ್ತೆ, ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುತ್ತೆ, ತಗೊಳ್ಳಿ. 50ರ ಒಳಗಿದ್ರೆ ಒಳ್ಳೇದು. ನಮ್ಮ ಬೋರ್ ನೀರಲ್ಲಿ 240 ತೋರಿಸ್ತು, ಮಾಡಿಂದ ಇಳಿದ ಮಳೆನೀರಲ್ಲಿ 12. ಜೂನ್ ಮೊದಲ ಎರಡು ಮೂರು ಮಳೆ ಹಂಚಿನ ಮೇಲಿನ ಧೂಳು, ಸಿಲ್ವರ್ ಓಕ್ ಎಲೆ ಎಲ್ಲಾ ತೊಳ್ಕೊಂಡು ಹೋಗ್ಲಿ, ಆಮೇಲಿನದನ್ನ ಪ್ಲಾಸ್ಟಿಕ್ ಡ್ರಮ್ಮಲ್ಲಿ ಹಿಡಿದು ಬಾಯಿಗೆ ಹಳೇ ಸೀರೆ ಬಿಗಿದು ಕಟ್ಟಿ, ಇಲ್ಲಾಂದ್ರೆ ಸೊಳ್ಳೆ ಮೊಟ್ಟೆ ಇಡುತ್ತೆ. ಜೂನಿಂದ ಸೆಪ್ಟೆಂಬರ್ ತನಕ ಯೋಚ್ನೆ ಇಲ್ಲ, ಕಷ್ಟ ಬರೋದು ಡಿಸೆಂಬರ್ ಆದ ಮೇಲೆ, ಮಾರ್ಚಲ್ಲಿ ಕಾಫಿ ಹೂವಿನ ಮಳೆ ಬೀಳೋ ತನಕ ಕಾಯ್ಬೇಕಲ್ಲ, ಅದಕ್ಕೆ 200 ಲೀಟರಿನ ಎರಡು ಡ್ರಮ್ ತುಂಬಿಸಿ ಇಟ್ಕೊಳ್ತೀನಿ. ಕುಂಡ ತಟ್ಟೆಯಲ್ಲಿಟ್ಟು ತಟ್ಟೆಗೆ ಒಂದಿಂಚು ನೀರು ಬಿಡಿ, ಮೇಲಿಂದ ಸುರೀಬೇಡಿ.

ತೋಟದವರಿಗೆ ಇನ್ನೊಂದು ಮಾತು, ಇದನ್ನ ಬೇರೆ ಊರಿನವರು ಹೇಳಲ್ಲ. ಮಳೆಗೆ ಮುಂಚೆ ಕಾಫಿಗೆ, ಮೆಣಸಿನ ಬಳ್ಳಿಗೆ ಶಿಲೀಂಧ್ರ ಬರ್ಬಾರ್ದು ಅಂತ ಬೋರ್ಡೋ ದ್ರಾವಣ ಹೊಡೀತೀವಲ್ಲ, ಮೈಲುತುತ್ತ ಮತ್ತೆ ಸುಣ್ಣ, ಅದೆರಡೂ ಈ ಗಿಡಗಳಿಗೆ ಆಗಲ್ಲ. ಒಂದು ವರ್ಷ ಗಾಳಿಗೆ ಹಾರಿ ಬಂದ ಹನಿ ಬಿದ್ದು, ಎಲೆ ಅಂಟಲ್ಲಿ ಹುಳ ಹಿಡಿಯೋ ಸನ್‌ಡ್ಯೂ ಟ್ರೇ ಪೂರ್ತಿ ಹೋಯ್ತು. ಈಗ ಹೊಡೆಯೋ ದಿನ ಕುಂಡಗಳನ್ನ ಒಳಗೆ ತಂದಿಟ್ಟು, ಡ್ರಮ್ಮಿನ ಬಾಯಿಗೂ ಪ್ಲಾಸ್ಟಿಕ್ ಹಾಕಿಸ್ತೀನಿ.

ನಮ್ಮ ಹವಾಕ್ಕೆ ಹೊಂದೋದು ಯಾವ್ದು ಅಂದ್ರೆ ಕಣ್ಣುಮುಚ್ಚಿ ಹೂಜಿ ಗಿಡ ಅಂತೀನಿ, ನರ್ಸರಿಯವರು ನೆಪೆಂಥಿಸ್ ಅಂತಾರೆ. ಅದರಲ್ಲಿ ವೆಂಟ್ರಾಟಾ ಅನ್ನೋ ಮಿಶ್ರತಳಿ ತುಂಬಾ ಗಟ್ಟಿ. ಗಾಳಿಯಲ್ಲಿ ತೇವ ಇದ್ರೆ, ರಾತ್ರಿ ತಣ್ಣಗಿದ್ರೆ ಎಲೆ ತುದಿಯ ಕುಡಿ ಉದ್ದ ಆಗಿ ಹೂಜಿ ಕಟ್ಟುತ್ತೆ, ಮಡಿಕೇರಿಯಲ್ಲಿ ಇವೆರಡೂ ಪುಕ್ಕಟೆ. ಇದನ್ನ ಮಾತ್ರ ನೀರಿನ ತಟ್ಟೆಯಲ್ಲಿ ಇಡ್ಬೇಡಿ, ತೂಗು ಕುಂಡದಲ್ಲಿ ಸ್ಫ್ಯಾಗ್ನಮ್, ತೊಳೆದ ತೆಂಗಿನ ಸಿಪ್ಪೆ ಚೂರು, ಇದ್ದಿಲು ಹಾಕಿ ಜಗಲಿ ಅಂಚಿಗೆ ನೇತಾಕಿ. ಹುಳ ಬಿದ್ದಾಗ ಹೂಜಿ ಮುಚ್ಚಳ ಹಾಕ್ಕೊಳ್ಳುತ್ತೆ ಅಂತ ಮಕ್ಕಳಿಗೆ ಹೇಳ್ಬೇಡಿ, ಅದು ಅಲ್ಲಾಡೋದೇ ಇಲ್ಲ, ಒಳಗಿನ ಗೋಡೆ ಜಾರೋದ್ರಿಂದ ಇರುವೆ ತಾನೇ ಬೀಳುತ್ತೆ. ಸನ್‌ಡ್ಯೂಗಳಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಸನ್‌ಡ್ಯೂ ತಗೊಳ್ಳಿ, ಒಂದು ಎಲೆ ಕತ್ತರಿಸಿ ಮಳೆನೀರಲ್ಲಿ ತೇಲಿಬಿಟ್ರೆ ಕೆಲವು ವಾರದಲ್ಲಿ ಮರಿ ಬರುತ್ತೆ.

ಫ್ಲೈಟ್ರ್ಯಾಪ್ ಸ್ವಲ್ಪ ಕಷ್ಟ. ಅದಕ್ಕೆ ಚಳಿಗಾಲದ ನಿದ್ದೆ ಬೇಕೇ ಬೇಕು. ನವೆಂಬರಿಂದ ಫೆಬ್ರವರಿ ತನಕ ಮನೆಯಲ್ಲೇ ತೀರಾ ತಣ್ಣಗಿರೋ ಬೆಳಕಿನ ಜಾಗದಲ್ಲಿಟ್ಟು ನೀರು ಕಮ್ಮಿ ಮಾಡಿ, ಎಲೆ ಕಪ್ಪಾಗಿ ಗಿಡ ಕುಗ್ಗಿದ್ರೆ ಸತ್ತೋಯ್ತು ಅಂತ ಬಿಸಾಕ್ಬೇಡಿ, ಬುಡ ಒತ್ತಿ ನೋಡಿ, ಗಟ್ಟಿ ಬೆಳ್ಳಗಿದ್ರೆ ಜೀವ ಇದೆ. ಬಾಯೊಳಗಿನ ಕೂದಲನ್ನ ಹುಳ ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದ್ರೇನೇ ಅದು ಮುಚ್ಚೋದು, ಮಳೆಹನಿಗೆಲ್ಲ ಸುಮ್ನೆ ಮುಚ್ಚಿ ಶಕ್ತಿ ಕಳ್ಕೊಳ್ಬಾರ್ದು ಅಂತ. ಆದ್ರೆ ಮನೆಗೆ ಬಂದೋರೆಲ್ಲ ಕಡ್ಡಿ ಹಾಕಿ ಆಟ ಆಡ್ತಾರೆ, ಒಂದೊಂದು ಬಾಯಿ ಕೆಲವೇ ಸಲ ಮುಚ್ಚಿ ತೆಗೆದು ಮುಗಿದೋಗುತ್ತೆ. ಇದಕ್ಕೆ ನಾನು ಯಾರಿಗೂ ದಾಕ್ಷಿಣ್ಯ ಮಾಡಲ್ಲ, ಮುಟ್ಬೇಡಿ ಅಂತ ನೇರ ಹೇಳ್ತೀನಿ. ಮಾಂಸ, ಚೀಸ್ ಏನೂ ಬೇಡ, ಹೊರಗಿಟ್ರೆ ಬೇಕಾದ ಹುಳ ಅದೇ ಹಿಡ್ಕೊಳ್ಳುತ್ತೆ.

ಕಕ್ಕಡ ತಿಂಗಳಲ್ಲಿ (ಜುಲೈ ನಡುವಿಂದ ಆಗಸ್ಟ್ ನಡುವಿನ ತನಕ), ಮದ್ದುಸೊಪ್ಪಿನ ಪಾಯಸ ಮಾಡೋ ಹೊತ್ತಿಗೆ, ಎರಡು ತೊಂದ್ರೆ. ವಾರಗಟ್ಟಲೆ ಬಿಸಿಲಿಲ್ಲದೆ ಬೂದು ಬೂಷ್ಟು ಹಿಡಿಯುತ್ತೆ, ಮತ್ತೆ ಜಡಿಮಳೆ ಸನ್‌ಡ್ಯೂ ಅಂಟನ್ನ ತೊಳೆದು ಹಾಕುತ್ತೆ. ಮೇಲೆ ಪಾರದರ್ಶಕ ಶೀಟ್ ಹಾಕಿ, ಗಾಳಿಯಾಡೋಕೆ ಪಕ್ಕ ತೆರೆದಿಡಿ, ಒಣಗಿದ ಎಲೆ ಅವತ್ತವತ್ತೇ ಕತ್ತರಿಸಿ. ಬಸವನಹುಳ ಬಂದ್ರೆ ರಾತ್ರಿ ಟಾರ್ಚ್ ಹಿಡಿದು ಆರಿಸಿ ತೆಗೀರಿ, ಕುಂಡದ ಹತ್ರ ಉಪ್ಪು ಚೆಲ್ಲಿದ್ರೆ ಹುಳದ ಜೊತೆ ಗಿಡಾನೂ ಹೋಗುತ್ತೆ.

ಫೋಟೋಗೆ ದೊಡ್ಡ ಕ್ಯಾಮೆರಾ ಬೇಕಿಲ್ಲ, ಫೋನಿಗೆ ಸಿಕ್ಕಿಸೋ ಮ್ಯಾಕ್ರೋ ಲೆನ್ಸ್ ಸಾಕು. ಸನ್‌ಡ್ಯೂ ಅಂಟಿನ ಹನಿ ಹೊಳೀಬೇಕಂದ್ರೆ ಬೆಳಕು ಗಿಡದ ಹಿಂದಿಂದ ಬರ್ಬೇಕು, ಬೆಳಿಗ್ಗೆ ಏಳೂವರೆ ಎಂಟರ ಬಿಸಿಲು ಮರದ ಸಂದಿಯಿಂದ ಓರೆಯಾಗಿ ಬೀಳ್ತಾ ಇರುತ್ತಲ್ಲ, ಆಗ ಕುಂಡನ ಕಣ್ಣಿನ ಮಟ್ಟಕ್ಕೆ ಸ್ಟೂಲ್ ಮೇಲಿಟ್ಟು, ಸ್ವಲ್ಪ ಹಿಂದೆ ಕಪ್ಪು ಕೊಡೆ ಬಿಚ್ಚಿಟ್ಟು, ಮುಂದೆ ನೆರಳಿರೋ ಕಡೆ ಬಿಳಿ ಥರ್ಮಾಕೋಲ್ ಹಿಡಿದು ತೆಗೀರಿ, ಒಂದೊಂದು ಹನಿಯೂ ಮಣಿ ಹಾಗೆ ಕಾಣುತ್ತೆ. ಫ್ಲ್ಯಾಶ್ ಬೇಡ. ಇಷ್ಟು ಹತ್ರದಲ್ಲಿ ಉಸಿರು ಬಿಟ್ರೂ ಫೋಕಸ್ ತಪ್ಪುತ್ತೆ, ಅದಕ್ಕೆ ಫೋನನ್ನ ಸ್ಟ್ಯಾಂಡಿಗೆ ಹಾಕಿ ಎರಡು ಸೆಕೆಂಡ್ ಟೈಮರ್ ಇಡಿ. ಹೂಜಿಗೆ ಮೋಡದ ದಿನವೇ ಚಂದ, ಬಿಸಿಲಲ್ಲಿ ಬಾಯಂಚಿನ ಹೊಳಪು ಬೆಳ್ಳಗೆ ಸಿಡಿದು ಕೆಂಪು ಗೀರುಗಳು ಕಾಣಲ್ಲ. ಪ್ರತಿ ತಿಂಗಳು ಒಂದೇ ಕೋನದಿಂದ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಒಂದು ಫೋಟೋ ತೆಗೆದಿಟ್ಕೊಳ್ಳಿ, ಗಿಡ ಕುಗ್ತಾ ಇದ್ಯಾ ಬೆಳೀತಾ ಇದ್ಯಾ ಅಂತ ಕಣ್ಣಿಗಿಂತ ಮೊದ್ಲು ಅದೇ ಹೇಳುತ್ತೆ.

ಕ್ಯಾಮೆರಾ ಇರೋರು ಮಳೆಗಾಲದಲ್ಲಿ ಲೆನ್ಸನ್ನ ಬೀರುವಿನ ಬಟ್ಟೆ ನಡುವೆ ಇಡ್ಬೇಡಿ. ನನ್ನ ಮಗನ ಲೆನ್ಸೊಳಗೆ ಜೇಡರ ಬಲೆ ತರ ಫಂಗಸ್ ಬಂದು ರಿಪೇರಿಗೆ ಲೆನ್ಸಿನ ಅರ್ಧ ಬೆಲೆ ಆಯ್ತು. ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಬಣ್ಣ ತಿರುಗಿದಾಗ ಬದಲಾಯಿಸಿ.

ಆಗಸ್ಟ್ ಕಳೆದ ಮೇಲೆ ಗದ್ದೆ ಬದುವಲ್ಲಿ, ನೀರು ಜಿನುಗೋ ಬಂಡೆ ಮೇಲೆ ಸಣ್ಣ ನೇರಳೆ ಹೂ ಕಂಡ್ರೆ ಕೂತು ನೋಡಿ, ಯುಟ್ರಿಕುಲೇರಿಯಾ ಅನ್ನೋ ಹುಳ ಹಿಡಿಯೋ ಗಿಡ ಇರ್ಬೋದು. ಬೇರಿನ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳಿರುತ್ತೆ, ನೀರಿನ ಸೂಕ್ಷ್ಮ ಜೀವಿಗಳನ್ನ ಕಣ್ಣು ಮಿಟುಕಿಸೋದಕ್ಕಿಂತ ಬೇಗ ಒಳಗೆ ಎಳ್ಕೊಳ್ಳುತ್ತೆ. ಕಿತ್ತು ತರ್ಬೇಡಿ, ಅಭಯಾರಣ್ಯದೊಳಗಂತೂ ಕೀಳೋದು ಅಪರಾಧ, ಫೋಟೋ ತಗೊಂಡು ಬನ್ನಿ. ಜಿಗಣೆಗೆ ಅಂತ ಕಾಲಿಗೆ ಉಪ್ಪೋ ಸುಣ್ಣವೋ ಹಚ್ಕೊಂಡು ಹೋಗಿರ್ತೀರಲ್ಲ, ಮನೆಗೆ ಬಂದ ಮೇಲೆ ಕೈ ಚೆನ್ನಾಗಿ ತೊಳ್ಕೊಂಡೇ ಕುಂಡ ಮುಟ್ಟಿ.